ಎಚ್4 ನುಗ್ಗಿ ಬಂದರೆ: ಎಚ್6, ಎಚ್5, ಇಲ್ಲಾ ಮೊದಲೇ ಸಿ5?

ಚೆಸ್‌ನಲ್ಲಿ ಕಪ್ಪು ಕಾಯಿ ಹಿಡಿದು ಕಾರೋ-ಕಾನ್ ಎಂಬ ಆರಂಭ ಆಡುವವರಿಗೆ ಈ ಕಾಟ ಗೊತ್ತಿರುತ್ತೆ. (ಎಚ್4, ಸಿ6 ಅಂದರೆ ಬೋರ್ಡಿನ ಮನೆಗಳ ಹೆಸರು; ಬರೀ ಮನೆ ಹೇಳಿದರೆ ಪ್ಯಾದೆ ಅಲ್ಲಿಗೆ ಹೋಯಿತು ಅಂತ.) ಇ4 ಸಿ6, ಡಿ4 ಡಿ5, ಇ5, ನಮ್ಮ ಒಂಟೆ (ಬಿಷಪ್) ಎಫ್5ಕ್ಕೆ. ಬಿಳಿಯವರು ಒಂದು ಕುದುರೆನೂ ಹೊರಗೆ ತೆಗೆಯದೆ ಎಚ್4 ತಳ್ಳುತ್ತಾರೆ. ನೀವು ಅಭ್ಯಾಸಬಲದಿಂದ ಇ6 ಆಡಿದರೆ ಜಿ4, ಎಫ್3, ಎಚ್5 ಸಾಲಾಗಿ ಬಂದು ಒಂಟೆ ಜಿ6ರಲ್ಲಿ ಸಿಕ್ಕಿಬೀಳುತ್ತೆ. ಕಲಬುರಗಿಯ ಅಪ್ಪನ ಕೆರೆ ಹತ್ತಿರ ಸಂಜೆ ಬೋರ್ಡ್ ಹಾಸುವ ನಮ್ಮ ಗುಂಪಿನ ಕಾಕಾ ಒಬ್ಬರು ಇದನ್ನು ಬಿಟ್ಟು ಬೇರೆ ಆಡೋದೇ ಇಲ್ಲ. "ಓಡ್ಲಾಕ ಜಾಗಾ ಅದ ಏನೋ ತಮ್ಮಾ ನಿನ್ ಒಂಟಿಗಿ?" ಅಂತ ಕೇಳಿಕೊಂಡೇ ಪ್ಯಾದೆ ತಳ್ಳುತ್ತಾರೆ.

ಮೂರೂ ಉತ್ತರ ಆಡಿ ನೋಡಿದ್ದೇನೆ. ನನ್ನ ಕೈಗೆ ಕೂತಿದ್ದು ಎಚ್6.

ದುಡ್ಡು ಕೊಟ್ಟು ತಗೊಂಡ ಆನ್‌ಲೈನ್ ಕೋರ್ಸ್ ಹೇಳಿಕೊಟ್ಟಿದ್ದು ಎಚ್5. ಜಿ4 ಬರೋದು ನಿಲ್ಲುತ್ತೆ, ನಿಜ. ಆದರೆ ಜಿ5 ಮನೆ ಬಿಳಿ ಒಂಟೆಗೆ ಬಿಟ್ಟಿ ಸಿಗುತ್ತೆ. ಎಚ್6 ಆಡಿ ಅದನ್ನು ಓಡಿಸೋಕೆ ಆ ಪ್ಯಾದೆ ಆಗಲೇ ಮುಂದೆ ಹೋಗಿಬಿಟ್ಟಿದೆ. ಆಮೇಲೆ ಸುಮ್ನೆ ಕಾಯುವ ಆಟ. ಹತ್ತು ನಿಮಿಷದ ಗಡಿಯಾರದಲ್ಲಿ ಅಷ್ಟು ತಾಳ್ಮೆ ನನಗಿಲ್ಲ.

ಎಚ್6 ಆಡಿದರೆ ಕಾಕಾಗೆ ತಡೆಯೋಕಾಗಲ್ಲ, ಜಿ4 ಬಂದೇ ಬರುತ್ತೆ. ಎಡವಟ್ಟು ಇರೋದು ಇಲ್ಲೇ. ಎಚ್7 ಮನೆ ಖಾಲಿ ಇದೆ, ಕೈ ತಾನಾಗಿ ಒಂಟೆಯನ್ನು ಅಲ್ಲಿಗೆ ಎಳೆಯುತ್ತೆ. ಎಳೆದರೆ ಬಿಳಿ ಪ್ಯಾದೆ ಇ6ಕ್ಕೆ ಹಾರುತ್ತೆ. ಬಿಟ್ಟಿ ಪ್ಯಾದೆ ಅಂತ ಎಫ್7ರಿಂದ ಹೊಡೆಯುತ್ತೀರಿ. ಬಿಳಿ ಒಂಟೆ ಡಿ3ಕ್ಕೆ, ಒಂಟೆಗೆ ಒಂಟೆ ಹೋಗುತ್ತೆ, ಬಿಳಿ ಮಂತ್ರಿ (ಕ್ವೀನ್) ಡಿ3ರಲ್ಲಿ ಕೂತು ಜಿ6ರಿಂದ ಶಹ ಕೊಡೋಕೆ ಕಾಯುತ್ತೆ.

ಈಗ ನಿಮ್ಮ ಕಡೆ ನೋಡಿ. ಇ7ರಲ್ಲಿ ಒಂದು ಪ್ಯಾದೆ, ಅದರ ತಲೆ ಮೇಲೆ ಇ6ರಲ್ಲಿ ಇನ್ನೊಂದು. ಎಫ್8ರ ಒಂಟೆಗೆ ದಾರಿ ಇಲ್ಲ. ರಾಜನ ಪಕ್ಕದ ಬಾಗಿಲು ತೆರೆದಿದೆ. ಲೆಕ್ಕದಲ್ಲಿ ಒಂದು ಪ್ಯಾದೆ ಜಾಸ್ತಿ, ಆದರೆ ಆಡೋಕೆ ಒಂದು ನಡೆಯೂ ಹೊಳೆಯಲ್ಲ.

ಅದಕ್ಕೇ ಒಂಟೆ ಡಿ7ಕ್ಕೆ ವಾಪಸ್. ನೋಡೋಕೆ ಪುಕ್ಕಲು ನಡೆ. ಆದರೆ ಈಗ ಇ6 ತಳ್ಳಿದರೆ ಒಂಟೆನೇ ಅದನ್ನು ಹೊಡೆಯುತ್ತೆ. ಕಾಕಾ ಎಚ್5 ಆಡುತ್ತಾರೆ, ನಾನು ಸಿ5. ಕುದುರೆ ಸಿ6ಕ್ಕೆ, ಮಂತ್ರಿ ಬಿ6ಕ್ಕೆ ಬಂದರೆ ಡಿ4ರ ಮೇಲೆ ಮೂರು ಕಡೆಯಿಂದ ಒತ್ತಡ. ಜಿ4, ಎಚ್5 ತಳ್ಳಿದ ಮೇಲೆ ಅವರ ರಾಜನಿಗೆ ಆ ಕಡೆ ಕೋಟೆ ಕಟ್ಟೋಕೆ ಗೋಡೆ ಎಲ್ಲಿದೆ? ನನ್ನ ರಾಜ ಮಂತ್ರಿ ಕಡೆಗೆ ಹೋಗ್ತಾನೆ. ಇನ್ನೊಂದು ಕಡೆ ನನಗೂ ಇಕ್ಕಟ್ಟೇ, ಇಲ್ಲ ಅನ್ನಲ್ಲ.

ಮೂರನೇ ದಾರಿ, ಒಂಟೆ ತೆಗೆಯುವ ಮೊದಲೇ ಮೂರನೇ ನಡೆಗೆ ಸಿ5. ಎಚ್4 ತಾಪತ್ರಯವೇ ಇಲ್ಲ. 1961ರ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಗಿನ ಚಾಂಪಿಯನ್ ಟಾಲ್ ಎಚ್4 ಆಡಿದ್ದರು, ಅದೇ ಸರಣಿಯ ಬೇರೆ ಆಟದಲ್ಲಿ ಎದುರಾಳಿ ಬೋತ್ವಿನಿಕ್ ಈ ಸಿ5 ಕೂಡ ಆಡಿದರು. ಸರಣಿ 13–8ರಿಂದ ಬೋತ್ವಿನಿಕ್ ಪಾಲಾಯಿತು. ಬಿಳಿಯವರು ಸಿ5ರಲ್ಲಿ ಹೊಡೆದ ಪ್ಯಾದೆಯನ್ನು ವಾಪಸ್ ಪಡೆಯೋ ತನಕ ನನಗೆ ಸಮಾಧಾನ ಇರಲ್ಲ, ಅದೊಂದೇ ತಕರಾರು.

ಒಂದು ಗಂಟೆ ಮೇಲ್ಪಟ್ಟ ಟೂರ್ನಮೆಂಟ್ ಆಟ, ಓದೋಕೆ ಪುರುಸೊತ್ತು ಇದ್ದರೆ ಸಿ5 ತಗೊಳ್ಳಿ. ಕೆರೆ ದಂಡೆಯ ಹತ್ತು ನಿಮಿಷಕ್ಕೆ ಎಚ್6, ಒಂಟೆ ಡಿ7. ಕೋರ್ಸ್‌ನವರು ದುಡ್ಡು ವಾಪಸ್ ಕೊಡಲ್ಲವಂತೆ.