ಗ್ರೀನ್ ಕಾರ್ಡ್ ಅರ್ಜಿ ಕಳಿಸೋಕೆ ನನ್ನ ಓಟು ಪೋಸ್ಟ್ ಆಫೀಸಿಗೇ

ಅಮೆರಿಕದಲ್ಲಿ ಇಮಿಗ್ರೇಷನ್ ಅರ್ಜಿ ಟಪಾಲಿನಲ್ಲಿ ಕಳಿಸಬೇಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಸರ್ಕಾರಿ ಅಂಚೆಯ ಪ್ರಯಾರಿಟಿ ಮೇಲ್ ಎಕ್ಸ್‌ಪ್ರೆಸ್‌ಗೆ 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಅದಕ್ಕೂ ಮೊದಲು ನಾನು ಹೋಗಿದ್ದ ಕೊರಿಯರ್ ಅಂಗಡಿಗೆ 1 ಸ್ಟಾರೂ ಜಾಸ್ತಿಯೇ.

ನನ್ನದು ಐ-751. ಅಂದರೆ ಮದುವೆ ಆಧಾರದ ಮೇಲೆ ಸಿಕ್ಕ, ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡಿನ (ಇಲ್ಲಿ ಕಾಯಂ ಇರೋಕೆ ಕೊಡುವ ಕಾರ್ಡ್) ಷರತ್ತು ತೆಗೆಸುವ ಅರ್ಜಿ. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಕಾರ್ಡಿನ ಅವಧಿ ಮುಗಿಯುವ ಮುಂಚಿನ 90 ದಿನದೊಳಗೆ ಕಳಿಸಬೇಕು. ಬೇಗ ಕಳಿಸಿದರೆ ವಾಪಸ್ ಬರುತ್ತದೆ, ತಡವಾದರೆ ಯಾಕೆ ತಡ ಆಯಿತು ಅಂತ ವಿವರಣೆ ಕೊಡಬೇಕು. ಇಲ್ಲಿ ಲೆಕ್ಕಕ್ಕೆ ಬರೋದು ನೀವು ಪೋಸ್ಟ್ ಮಾಡಿದ ದಿನ ಅಲ್ಲ, ಇಮಿಗ್ರೇಷನ್ ಇಲಾಖೆಯವರ (ಯುಎಸ್‌ಸಿಐಎಸ್) ಕೈಗೆ ಸೇರಿದ ದಿನ. ಹಾಗಾಗಿ ಯಾವುದರಲ್ಲಿ ಕಳಿಸುತ್ತೀರಿ ಅನ್ನೋದು ಸಣ್ಣ ವಿಷಯ ಅಲ್ಲ.

ನಮ್ಮಪ್ಪ ತಾಲ್ಲೂಕು ಕಚೇರಿಗೆ ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ತೆಗೆದುಕೊಂಡು ಹೋಗುತ್ತಿದ್ದರು. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಮನೆಗೆ ಬರುತ್ತಿದ್ದರು. ನನಗೂ ಅದೇ ಅಭ್ಯಾಸ. ಇಲ್ಲಿನ ಇಮಿಗ್ರೇಷನ್ ಕಚೇರಿಗೇ ಹೋಗಿ ಕೊಟ್ಟು ಬರೋಣ ಅಂತ ನಮ್ಮನೆಯವರಿಗೆ ಹೇಳಿದ್ದೆ. ಆದರೆ ಅದು ಆಗಲ್ಲ. ಊರಿನ ಕಚೇರಿ ಇರೋದು ಸಂದರ್ಶನ ಮತ್ತು ಅಪಾಯಿಂಟ್‌ಮೆಂಟಿಗೆ. ಈ ಅರ್ಜಿ ಹೋಗಬೇಕಾದದ್ದು ಲಾಕ್‌ಬಾಕ್ಸ್ ಅನ್ನುವ ದೂರದ ಕೇಂದ್ರಕ್ಕೆ. ಇಲಿನಾಯ್, ಅರಿಜೋನಾ, ಟೆಕ್ಸಾಸ್ ಕಡೆ ಇವೆ. ಯಾವುದಕ್ಕೆ ಕಳಿಸಬೇಕು ಅನ್ನೋದು ಯಾವ ಫಾರಂ, ನೀವು ಯಾವ ರಾಜ್ಯದಲ್ಲಿದ್ದೀರಿ ಅನ್ನೋದರ ಮೇಲೆ ಹೋಗುತ್ತದೆ.

ನಾನು ಸಿಕ್ಕಿಬಿದ್ದದ್ದು ವಿಳಾಸದಲ್ಲಿ. ಒಂದೇ ಲಾಕ್‌ಬಾಕ್ಸಿಗೆ ಎರಡು ವಿಳಾಸ ಕೊಟ್ಟಿರುತ್ತಾರೆ. ಸರ್ಕಾರಿ ಅಂಚೆಯಲ್ಲಿ ಕಳಿಸೋರಿಗೆ ಪಿ.ಒ. ಬಾಕ್ಸ್ (ಅಂಚೆ ಕಚೇರಿಯೊಳಗಿನ ಡಬ್ಬಿಯ ನಂಬರು) ಇರುವ ವಿಳಾಸ, ಫೆಡ್‌ಎಕ್ಸ್, ಯುಪಿಎಸ್, ಡಿಎಚ್‌ಎಲ್‌ನಲ್ಲಿ ಕಳಿಸೋರಿಗೆ ಕಟ್ಟಡದ ನಂಬರು, ರಸ್ತೆ ಹೆಸರು ಇರುವ ಬೇರೆ ವಿಳಾಸ. ಖಾಸಗಿ ಕೊರಿಯರ್‌ನವರು ಪಿ.ಒ. ಬಾಕ್ಸಿಗೆ ತಲುಪಿಸಲ್ಲ. ನಾನು ಪಿ.ಒ. ಬಾಕ್ಸ್ ವಿಳಾಸ ಬರೆದುಕೊಂಡು ಮನೆ ಹತ್ತಿರದ ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗನಿಗೆ ಎರಡು ಸಲ ಕೇಳಿದೆ, ಈ ವಿಳಾಸ ನಡೆಯುತ್ತಾ ಅಂತ. ಯಾವುದಾದರೂ ನಡೆಯುತ್ತೆ ಅಂದ, ದುಡ್ಡು ತೆಗೆದುಕೊಂಡ, ಲೇಬಲ್ ಅಂಟಿಸಿದ. ಎರಡು ದಿನ ಆದ ಮೇಲೆ ಟ್ರ್ಯಾಕಿಂಗ್‌ನಲ್ಲಿ ವಿಳಾಸ ಸರಿಯಿಲ್ಲ ಅಂತ ಬಂತು. ಆಮೇಲೆ ಒಂದು ವಾರ ಅದು ಎಲ್ಲಿತ್ತೋ ಗೊತ್ತಾಗಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಕಂಪನಿಗೆ ಕೇಳಿ ಅಂತಾರೆ, ಕಂಪನಿಯವರು ಅಂಗಡಿಗೆ ಕೇಳಿ ಅಂತಾರೆ. ಕೊನೆಗೆ ವಾಪಸ್ ಬಂದಾಗ ಲಕೋಟೆಯ ಒಂದು ಮೂಲೆ ಹರಿದು ಒಳಗಿನ ಹಾಳೆಗಳ ಅಂಚು ಕಾಣುತ್ತಿತ್ತು.

ಅದನ್ನು ನೋಡಿ ಕೈ ಕಾಲು ತಣ್ಣಗಾಯಿತು. 2025ರ ಅಕ್ಟೋಬರ್ 28ರ ನಂತರ ಈ ಇಲಾಖೆ ಟಪಾಲಿನಲ್ಲಿ ಬರೋ ಅರ್ಜಿಗೆ ಚೆಕ್ ತೆಗೆದುಕೊಳ್ಳಲ್ಲ. 750 ಡಾಲರ್ ಫೀಸಿಗೆ ಜಿ-1450 ಅನ್ನುವ ಹಾಳೆಯಲ್ಲಿ ಕ್ರೆಡಿಟ್ ಕಾರ್ಡ್ ನಂಬರ್ ಬರೆದು ಇಡಬೇಕು, ಇಲ್ಲವೇ ಜಿ-1650ರಲ್ಲಿ ಬ್ಯಾಂಕ್ ಖಾತೆ ನಂಬರ್. ಅಂದರೆ ಆ ಹರಿದ ಲಕೋಟೆಯಲ್ಲಿ ನನ್ನ ಕಾರ್ಡ್ ನಂಬರ್, ಇಬ್ಬರ ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ಕಾಗದ, ನಮ್ಮ ಮದುವೆ ಫೋಟೋ ಎಲ್ಲಾ ಇತ್ತು. ಅವತ್ತೇ ಕಾರ್ಡ್ ಬದಲಾಯಿಸಿದೆ. 90 ದಿನದ ಶುರುವಿನಲ್ಲೇ ಕಳಿಸಿದ್ದಕ್ಕೆ ದಿನಗಳು ಉಳಿದಿದ್ದವು. ಕೊನೇ ವಾರ ಆಗಿದ್ದರೆ ಏನು ಗತಿ?

ಎರಡನೇ ಸಲ ಪೋಸ್ಟ್ ಆಫೀಸಿಗೆ ಹೋದೆ. ಕೌಂಟರಿನಲ್ಲಿ ವಯಸ್ಸಾದ ಹೆಂಗಸು, ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ನನ್ನ ಹತ್ತಿರ ಸುಮಾರು 140 ಹಾಳೆ. ಅಲ್ಲೇ ಪುಕ್ಕಟೆ ಸಿಗುವ ಫ್ಲ್ಯಾಟ್ ರೇಟ್ (ಒಂದೇ ದರದ) ರಟ್ಟಿನ ಲಕೋಟೆಗೆ ತುರುಕಿ ಟೇಪ್ ಸುತ್ತೋಕೆ ಹೊರಟಿದ್ದೆ. ಆಕೆ ತಡೆದರು. ಬಾಯಿ ಅದರ ಮಡಿಕೆಯಲ್ಲೇ ಸರಿಯಾಗಿ ಮುಚ್ಚಬೇಕು, ಉಬ್ಬಿದರೆ ಆ ರೇಟಿಗೆ ಹೋಗಲ್ಲ, ದಾರಿಯಲ್ಲಿ ಹರಿಯೋದೂ ಹಾಗೇ ಅಂದರು. ಒಳಗಿಂದ ಉದ್ದನೆಯ ಲಕೋಟೆ ತಂದುಕೊಟ್ಟರು. ವಿಳಾಸದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಗಟ್ಟಿಯಾಗಿ ಓದಿ, ಪಿ.ಒ. ಬಾಕ್ಸ್, ನಮ್ಮದೇ, ಸರಿ ಇದೆ ಅಂದರು. ನನ್ನ ಕಣ್ಣೆದುರಿಗೇ ಸ್ಕ್ಯಾನ್ ಮಾಡಿ ರಸೀದಿ ಕೊಟ್ಟರು. ಆ ರಸೀದಿ ಕೈಗೆ ಬಂದಾಗ ಅಪ್ಪನ ಸೀಲು ಹಾಕಿದ ಪ್ರತಿಯೇ ನೆನಪಾಯಿತು.

ಈ ಸ್ಕ್ಯಾನ್ ತುಂಬಾ ಮುಖ್ಯ. ಲೇಬಲ್ ಮನೆಯಲ್ಲೇ ಪ್ರಿಂಟ್ ಮಾಡಿ ರಸ್ತೆಯ ನೀಲಿ ಡಬ್ಬಿಗೆ ಹಾಕಿದರೆ ಅವತ್ತೇ ಅಂಚೆಯವರ ಕೈ ಸೇರಿತು ಅನ್ನೋದಕ್ಕೆ ನಿಮ್ಮ ಹತ್ತಿರ ಏನೂ ಇರಲ್ಲ. ಸುಮ್ನೆ ಹತ್ತು ನಿಮಿಷ ಉಳಿಸೋಕೆ ಹೋಗಬೇಡಿ, ಕೌಂಟರಿಗೇ ಹೋಗಿ.

ಎಕ್ಸ್‌ಪ್ರೆಸ್ ಒಂದರಿಂದ ಮೂರು ದಿನದಲ್ಲಿ ತಲುಪುತ್ತದೆ. ನನ್ನದು ಎರಡನೇ ದಿನ ತಲುಪಿತು. ಖರ್ಚು 30 ಡಾಲರ್ ದಾಟಿತು. ಬರೀ ಪ್ರಯಾರಿಟಿ ಮೇಲ್ ಆದರೆ ಅರ್ಧಕ್ಕಿಂತ ಕಡಿಮೆಗೆ ಆಗುತ್ತದೆ, ಅದರಲ್ಲೂ ಟ್ರ್ಯಾಕಿಂಗ್ ಇದೆ. ಕೈಯಲ್ಲಿ ದಿನ ಜಾಸ್ತಿ ಇದ್ದರೆ ಅದೂ ಸಾಕು. ಊರಲ್ಲಿ ರಿಜಿಸ್ಟರ್ ಪೋಸ್ಟಿಗೆ ಎ.ಡಿ. ಕಾರ್ಡ್ ಹಚ್ಚುತ್ತಿದ್ದೆವಲ್ಲ, ತಲುಪಿದ್ದಕ್ಕೆ ಸಹಿ ಪಡೆದು ವಾಪಸ್ ಬರುವ ಅಂಥದ್ದೇ ಹಸಿರು ಬಣ್ಣದ ಕಾರ್ಡ್ ಇಲ್ಲೂ ಇದೆ, ಬೇಕಾದರೆ ಕೇಳಿ. ಖಾಸಗಿ ಕೊರಿಯರ್ ಎಲ್ಲಾ ಕೆಟ್ಟದ್ದು ಅಂತಲೂ ಅಲ್ಲ. ನನ್ನ ಗೆಳತಿ ರಸ್ತೆ ವಿಳಾಸ ಹಾಕಿ ಫೆಡ್‌ಎಕ್ಸ್‌ನಲ್ಲಿ ಕಳಿಸಿದ್ದು ಮಾರನೇ ದಿನವೇ ತಲುಪಿದೆ. ಮೊದಲು ಯಾರ ಕೈಯಲ್ಲಿ ಕಳಿಸೋದು ಅಂತ ತೀರ್ಮಾನ ಮಾಡಿ, ಆಮೇಲೆ ವಿಳಾಸ ಬರೆದುಕೊಳ್ಳಿ. ಅದನ್ನೂ ಕಳಿಸೋ ದಿನ ಬೆಳಗ್ಗೆ ಇಲಾಖೆಯ ವೆಬ್‌ಸೈಟಿನಲ್ಲೇ ನೋಡಿ, ಬದಲಾಗುತ್ತಿರುತ್ತದೆ.

ಒಳಗೆ ಇಡೋ ಕಾಗದದ ಬಗ್ಗೆ ಎರಡು ಮಾತು. ಸ್ಟೇಪ್ಲರ್ ಪಿನ್ ಬೇಡ, ಪಂಚ್ ಬೇಡ, ಫೈಲ್ ಬೇಡ, ಬಿಡಿ ಹಾಳೆಗಳೇ ಇರಲಿ, ಯಾಕೆಂದರೆ ಅಲ್ಲಿ ಎಲ್ಲವನ್ನೂ ಸ್ಕ್ಯಾನ್ ಮಾಡುತ್ತಾರೆ. ಫಾರಂನ ಪ್ರತಿ ಪುಟದ ಕೆಳಗೆ ಆವೃತ್ತಿಯ ತಾರೀಕು ಇರುತ್ತದೆ, ಎಲ್ಲಾ ಪುಟದಲ್ಲೂ ಒಂದೇ ಇರಬೇಕು. ನಮ್ಮ ಲಗ್ನಪತ್ರಿಕೆ ಕನ್ನಡದಲ್ಲಿತ್ತು, ಅದಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರು ಇದು ಸರಿಯಿದೆ, ನನಗೆ ಎರಡೂ ಭಾಷೆ ಬರುತ್ತದೆ ಅಂತ ಬರೆದು ಸಹಿ ಹಾಕಿದ ಹಾಳೆ, ಎರಡೂ ಇಟ್ಟೆ. ಜಿ-1145 ಹಾಳೆ ಎಲ್ಲದಕ್ಕಿಂತ ಮೇಲಿರಲಿ, ಅರ್ಜಿ ತೆಗೆದುಕೊಂಡ ಕೂಡಲೇ ಫೋನಿಗೆ ಮೆಸೇಜ್ ಬರೋದು ಅದರಿಂದಲೇ. ಕಾರ್ಡಿನಲ್ಲಿ ಫೀಸಿಗೆ ಸಾಕಾಗುವಷ್ಟು ಮಿತಿ ಇದೆಯಾ ನೋಡಿಕೊಳ್ಳಿ. ಒಂದು ಸಲ ಹಣ ಹೋಗದಿದ್ದರೆ ಅವರು ಎರಡನೇ ಸಲ ಪ್ರಯತ್ನ ಮಾಡಲ್ಲ. ಕಳಿಸೋ ಮುಂಚೆ ಪೂರ್ತಿ ಕಟ್ಟಿನ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.

ಮೊದಲು ಕಾರ್ಡಿನಿಂದ 750 ಹೋಯಿತು, ಆಮೇಲೆ ಮೆಸೇಜ್, ಅದಾದ ಮೇಲೆ ಟಪಾಲಿನಲ್ಲಿ ರಸೀದಿ ನೋಟಿಸು. ನನ್ನ ಗ್ರೀನ್ ಕಾರ್ಡಿನ ಅವಧಿಯನ್ನು 48 ತಿಂಗಳು ಮುಂದುವರಿಸಿದ್ದು ಆ ನೋಟಿಸೇ. ಅಲ್ಲಿಯವರೆಗೆ ದಿನಾ ಸಂಜೆ ಟಪಾಲು ಡಬ್ಬಿಗೆ ಕೈ ಹಾಕಿ ನೋಡುತ್ತಿದ್ದೆ.

1 ಸ್ಟಾರ್ ಕಡಿಮೆ ಮಾಡಿದ್ದು ಕ್ಯೂಗೆ. ಮಧ್ಯಾಹ್ನ ಹೋಗಿದ್ದೆ, ಒಂದೇ ಕೌಂಟರ್ ತೆರೆದಿತ್ತು, 40 ನಿಮಿಷ ನಿಂತೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.