ಇಂಜೆಕ್ಷನ್ನೋ, ಡಂಬೆಲ್ಲೋ, ಪ್ರೋಟೀನ್ ಡಬ್ಬಿಯೋ?

ಜಯನಗರದ ಗೆಳೆಯ ಕೇಳಿದ: "ಅಪ್ಪನಿಗೆ 70. ತೊಡೆ ಸೊರಗಿದೆ, ಕುರ್ಚಿಯಿಂದ ಏಳೋಕೆ ಎರಡೂ ಕೈ ಊರಬೇಕು. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡಿಸಲಾ, ಜಿಮ್‌ಗೆ ಕಳಿಸಲಾ, ಪ್ರೋಟೀನ್ ಪುಡಿ ತರಲಾ?"

ಬಲದ ಲೆಕ್ಕದಲ್ಲಿ ಭಾರ ಎತ್ತುವ ವ್ಯಾಯಾಮವೇ ಮುಂದು. 1990ರಲ್ಲಿ ಪ್ರಕಟವಾದ ಅಮೆರಿಕದ ಪುಟ್ಟ ಅಧ್ಯಯನವೊಂದರಲ್ಲಿ, 90ರ ಆಸುಪಾಸಿನವರ ಕಾಲಿನ ಬಲ ಎಂಟೇ ವಾರಗಳ ತಾಲೀಮಿನಿಂದ ಸರಾಸರಿ 174% ಹೆಚ್ಚಿತ್ತು. ಟೆಸ್ಟೋಸ್ಟೆರಾನ್ ಅನ್ನುವುದು ಗಂಡಸರ ಹಾರ್ಮೋನ್; ಅದನ್ನು ಕೊಟ್ಟರೆ ಮಾಂಸಖಂಡ ತುಂಬಿಕೊಳ್ಳುತ್ತದೆ ನಿಜ. ನಡಿಗೆಯಲ್ಲಿ ಸಿಗುವ ಲಾಭ ಮಾತ್ರ ಅಷ್ಟಕ್ಕಷ್ಟೆ. ಲಾಲ್‌ಬಾಗಿನ ವಾಕಿಂಗ್ ಹೃದಯಕ್ಕೆ ಒಳ್ಳೆಯದು, ತೊಡೆಗೆ ಸಾಲದು. ಆಮೇಲಿನ ದರ್ಶಿನಿಯ ಖಾರಾಬಾತ್ ಅಂತೂ ಲೆಕ್ಕಕ್ಕಿಲ್ಲ.

ಅಪಾಯ ಹೆಚ್ಚಿರುವುದು ಇಂಜೆಕ್ಷನ್ನಿನಲ್ಲಿ. ರಕ್ತ ಮಂದವಾಗಬಹುದು, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆ) ಮೇಲೆ ಕಣ್ಣಿಡಬೇಕು, ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಬೇರೆ ದಿನ ಪರೀಕ್ಷಿಸಿದಾಗಲೂ ಟೆಸ್ಟೋಸ್ಟೆರಾನ್ ಮಟ್ಟ ಕಡಿಮೆ ಬಂದು, ಕೊರತೆಯ ಲಕ್ಷಣಗಳೂ ಇದ್ದರೆ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಿ. ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ನಾನಂತೂ ಚುಚ್ಚಿಸುವುದಿಲ್ಲ.

ವ್ಯಾಯಾಮಕ್ಕೆ ಖರ್ಚು ಕಡಿಮೆ, ಬೇಕಾದ್ದು ಹಟ. ಗೋಡೆಗೆ ಆನಿಸಿದ ಕುರ್ಚಿಯಿಂದ, ಮೊದಮೊದಲು ಕೈ ಊರಿ, ಆಮೇಲೆ ಊರದೆ, ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಬಹುದು. ಮಂಡಿನೋವು, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನೂ ಫಿಸಿಯೋಥೆರಪಿಸ್ಟನ್ನೂ ಕಾಣಿ.

ಪುಡಿ ಹಸಿವು ಸತ್ತವರಿಗೆ ಅನುಕೂಲ. 60 ಕಿಲೋ ತೂಕದ ಹಿರಿಯರಿಗೆ ದಿನಕ್ಕೆ 60ರಿಂದ 72 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6. ಬರೀ ತಿಳಿಸಾರು, ಅನ್ನದಲ್ಲಿ ಅಷ್ಟು ದಕ್ಕದು. ಹುರುಳಿ, ಮೊಸರು, ಪನೀರ್ ತಿನ್ನುವವರಿಗೆ ಡಬ್ಬಿಯ ಹಂಗಿಲ್ಲ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ.