ಅಜ್ಜನ ಗೋಲಿ ಸೋಡಾ ಮಶಿನ್ನೋ, ಹೊಸ ಕರೆಂಟ್ ಮಶಿನ್ನೋ: ಎರಡೂ ನಡೆಸಿ ನೋಡಿದ ಮೇಲೆ

ವಿಜಯಪುರದಲ್ಲಿ ಗೋಳಗುಮ್ಮಟದಿಂದ ನಡೆದು ಬರುವಷ್ಟು ದೂರದಲ್ಲಿ ನಮ್ಮ ಅಂಗಡಿ. ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಮರೆಗೆ ಅಜ್ಜನ ಗೋಲಿ ಸೋಡಾ ಮಶಿನ್ 18 ವರ್ಷ ಕೂತಿತ್ತು. ಬೀಡಿನ, ಅಂದರೆ ಎರಕದ ಕಬ್ಬಿಣದ ಎರಡು ಕಾಲು, ನಡುವೆ ನಾಲ್ಕು ಬಾಟ್ಲಿ ಹಿಡಿಯುವ ತಿರುಗು ಪೆಟ್ಟಿಗೆ, ಬದಿಗೊಂದು ಹಿಡಿಕೆ. ಎರಡು ವರ್ಷದ ಹಿಂದೆ ಕಾಕಾ, "ತೂಕಕ್ಕ ಹಾಕಿಬಿಡೂಣು, ಜಾಗಾನರ ಆಗತೈತಿ" ಅಂದರು. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಹಿಡಿಕೆ ಹಿಡಿದು ಅರ್ಧ ಸುತ್ತು ತಿರುವಿದರು. ಕಿರ್ರೆಂದು ತಿರುಗಿತು.

ಅದೇ ಬೇಸಿಗೆಗೆ ಕಂತಿನ ಮೇಲೆ ಒಂದು ಕರೆಂಟ್ ಸೋಡಾ ಮಶಿನ್ ತರುವ ಮಾತೂ ಆಗಿತ್ತು. ಕೊನೆಗೆ ಎರಡೂ ಆದವು. ಎರಡು ಬೇಸಿಗೆ, ಒಂದು ಸಿದ್ಧೇಶ್ವರ ಜಾತ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ನಡೆಸಿದ್ದೇನೆ. ಯಾರ ಮನೆಯಲ್ಲಾದರೂ ಇಂಥ ಮಶಿನ್ ಧೂಳು ತಿನ್ನುತ್ತಿದ್ದರೆ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಹಳೆಯದರ ಕೆಲಸ ಸರಳ. ನೀರು ತುಂಬಿದ ಬಾಟ್ಲಿಗಳನ್ನು ಪೆಟ್ಟಿಗೆಗೆ ಸೇರಿಸಿ, ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು, ಹಿಡಿಕೆ ತಿರುವಬೇಕು. ನೀರು ಕುಲುಕಾಡಿ ಗ್ಯಾಸ್ ಕುಡಿಯುತ್ತದೆ. ಬಾಟ್ಲಿ ಬೋರಲಾದಾಗ ಗೋಲಿ ಕೊರಳಿಗೆ ಜಾರಿ, ಒಳಗಿನ ಒತ್ತಡಕ್ಕೇ ರಬ್ಬರ್ ವಾಷರಿಗೆ ಅಂಟಿ ಕೂರುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಇಂಗ್ಲೆಂಡಿನ ಹೈರಮ್ ಕಾಡ್ ಈ ಬಾಟ್ಲಿಗೆ 1872ರಲ್ಲಿ ಪೇಟೆಂಟ್ ಪಡೆದ. ಜಪಾನಿನಲ್ಲಿ ರಾಮುನೆ ಎಂಬ ಪಾನೀಯ ಇವತ್ತಿಗೂ ಇದೇ ತರಹದ ಬಾಟ್ಲಿಯಲ್ಲಿ ಸಿಗುತ್ತದೆ.

ರಿಪೇರಿಗೆ ಕೈ ಹಾಕುವ ಮೊದಲು ಹೊರಗಿನ ತುಕ್ಕು ನೋಡಿ ಹೆದರಬೇಡಿ, ಒಳಗಿನ ಪೈಪ್ ನೋಡಿ ಹೆದರಿ. ನಾನು ಮೊದಲ ವಾರವೆಲ್ಲ ಉಕ್ಕಿನ ಬ್ರಷ್ ಹಿಡಿದು ಕಾಲುಗಳನ್ನೇ ತಿಕ್ಕಿದೆ. ಲೇಥ್ ಮಿಸ್ತ್ರಿ ಬಂದವರು ಅತ್ತ ತಿರುಗಿಯೂ ನೋಡದೆ ಹಿತ್ತಾಳೆ ಪೈಪಿನ ತುದಿ ಬಿಚ್ಚಿ ನನ್ನ ಅಂಗೈ ಮೇಲೆ ತಟ್ಟಿದರು. ಹಸಿರು ಪುಡಿ ಉದುರಿತು, ಕಿಲುಬು. "ತಮ್ಮಾ, ಇದನ್ನ ಮಂದಿಗೆ ಕುಡಸ್ತೀಯೇನ?" ಅಂದರು. ಗ್ಯಾಸ್ ಕರಗಿದ ನೀರು ಹುಳಿಯಾಗುತ್ತದೆ, ಆ ಹುಳಿ ತಾಮ್ರ ಹಿತ್ತಾಳೆಗಳನ್ನು ಕರಗಿಸಿಕೊಳ್ಳುತ್ತದೆ. ಹಳೆಯ ಬೆಸುಗೆಯಲ್ಲಿ ಸೀಸವೂ ಇರುತ್ತದೆ. ಬಾಟ್ಲಿ ಬೋರಲಾದಾಗಲೆಲ್ಲ ನೀರು ಪೈಪಿನ ಬಾಯಿಗೆ ಹಿಂತಿರುಗುವುದರಿಂದ ಇದು ಬರೀ ಗ್ಯಾಸ್ ಹೋಗುವ ದಾರಿ ಎಂದು ಸುಮ್ಮನಿರುವ ಹಾಗಿಲ್ಲ. ನೀರು ಮುಟ್ಟುವ ಅಷ್ಟೂ ಭಾಗ ಸ್ಟೀಲಿಗೆ ಬದಲಾಯಿಸಿದೆವು. ಅಜ್ಜನ ಕಾಲದ್ದು ಹಾಗೇ ಉಳಿಯಲಿ ಎಂಬ ಆಸೆಯನ್ನು ಅಲ್ಲೇ ಬಿಟ್ಟೆ, ಬಿಟ್ಟದ್ದು ಸರಿಯಾಯಿತು.

ಎರಡನೇ ತಾಪತ್ರಯ ಹಿಡಿಕೆಯ ಬದಿಯ ಬ್ರಾಕೆಟ್. ಸೀಳಿತ್ತು. ಬೀಡಿಗೆ ವೆಲ್ಡಿಂಗ್ ಸುಲಭಕ್ಕೆ ಒಗ್ಗುವುದಿಲ್ಲ. ಚೆನ್ನಾಗಿ ಕಾಯಿಸದೆ ಹೊಡೆದರೆ ಪಕ್ಕದಲ್ಲೇ ಇನ್ನೊಂದು ಸೀಳು ಬಿಡುತ್ತದೆ. ಹಳೆಯ ಬ್ರಾಕೆಟನ್ನೇ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬೆಳಗಾವಿಯ ಉದ್ಯಮಬಾಗಕ್ಕೆ ಹೋದೆ. ಅಲ್ಲಿ ಫೌಂಡ್ರಿಗಳಿಗೆ ಕೊರತೆಯಿಲ್ಲ. ಆದರೆ ಒಂದು ಬಿಡಿ ಸಾಮಾನಿಗಾಗಿ ಅಚ್ಚು ಕಟ್ಟುವವರು ಸಿಗಲು ಇಡೀ ದಿನ ಅಲೆದೆ. ಒಪ್ಪಿಕೊಂಡವರು ಹಳೆಯದನ್ನೇ ಮಾದರಿಯಾಗಿಟ್ಟು ಮರಳಿನಲ್ಲಿ ಅಚ್ಚು ಒತ್ತಿದರು. ಅದಕ್ಕೂ ಮೊದಲು ಅಂಚಿಗೆಲ್ಲ ಪುಟ್ಟಿ ಮೆತ್ತಿದರು, ಯಾಕೆಂದರೆ ಎರಕದ ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಮೆತ್ತದಿದ್ದರೆ ಬೋಲ್ಟಿನ ತೂತು ಕೂಡುತ್ತಿರಲಿಲ್ಲ. ಎಲ್ಲ ಸೇರಿ ರಿಪೇರಿಗೆ ನನಗೆ 41,000 ರೂಪಾಯಿ ಆಯಿತು. ಇದರಲ್ಲಿ ಹೊಸ ರೆಗ್ಯುಲೇಟರ್, ಸೇಫ್ಟಿ ವಾಲ್ವ್ ಸೇರಿವೆ. ಅವೆರಡರಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಹೊಸ ಮಶಿನ್ 1,35,000. ಬಂದ ದಿನವೇ ಕೆಲಸಕ್ಕೆ ನಿಂತಿತು. ಗುಂಡಿ ಒತ್ತಿದರೆ ಲೋಟ ತುಂಬುತ್ತದೆ, ಹುಡುಗನಿಗೆ ಕಲಿಸಲು ಹತ್ತು ನಿಮಿಷ ಸಾಕು. ಜಾತ್ರೆಯ ಗದ್ದಲದಲ್ಲಿ ಹಳೆಯದರಲ್ಲಿ ನಾಲ್ಕು ಬಾಟ್ಲಿ ಆಗುವಷ್ಟರಲ್ಲಿ ಇದು ಹದಿನೈದು ಲೋಟ ಕೊಡುತ್ತಿತ್ತು.

ರುಚಿಯಲ್ಲಿ ಮಾತ್ರ ಮೊದಲ ತಿಂಗಳು ನಾನು ತಪ್ಪು ತೀರ್ಮಾನಕ್ಕೆ ಬಂದಿದ್ದೆ. ಹಳೆಯದರ ಸೋಡಾ ಸಪ್ಪಗಿತ್ತು, ಮಶಿನ್ ಮುದಿಯಾಗಿದೆ ಅಂದುಕೊಂಡೆ. ತಪ್ಪು ನೀರಿನದ್ದು. ಒಂದು ವಾತಾವರಣದ ಒತ್ತಡದಲ್ಲಿ 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಗ್ಯಾಸ್ ಹಿಡಿದರೆ, 20 ಡಿಗ್ರಿಯಲ್ಲಿ 0.9, 40 ಡಿಗ್ರಿಯಲ್ಲಿ 0.5ರಷ್ಟೇ ಹಿಡಿಯುತ್ತದೆ. ನಮ್ಮ ಏಪ್ರಿಲಿನಲ್ಲಿ ಟಾಕಿಯ ನೀರು ಮುಟ್ಟಿದರೆ ಬಿಸಿ. ಹೊಸ ಮಶಿನ್ ನೀರನ್ನು ತಾನೇ ತಣ್ಣಗೆ ಮಾಡಿಕೊಂಡು ಗ್ಯಾಸ್ ಸೇರಿಸುತ್ತದೆ, ಅದರ ಗುಟ್ಟು ಅಷ್ಟೇ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟ ನೀರನ್ನು ಹಳೆಯದಕ್ಕೆ ಹಾಕಿ ತಿರುವಿದ ದಿನ, ಅಪ್ಪ ಹೆಬ್ಬೆರಳಿನಿಂದ ಗೋಲಿ ಒತ್ತಿದರು. ಟಪ್ ಎಂದದ್ದು ಎದುರಿನ ಚಪ್ಪಲಿ ಅಂಗಡಿಗೂ ಕೇಳಿತು. ಇಂಡಿ ಊರಿನ ನಿಂಬೆ ಹಿಂಡಿ, ಕಾಲಾ ನಮಕ್ ಹಾಕಿ ಎರಡರದ್ದನ್ನೂ ಹೆಸರು ಹೇಳದೆ ಹನ್ನೊಂದು ಮಂದಿಗೆ ಕೊಟ್ಟೆ. ಎಂಟು ಮಂದಿ ಹಳೆಯದರ ಲೋಟ ತೋರಿಸಿದರು.

ಸಿಲಿಂಡರಿಗೂ ಬಿಸಿಲು ಆಗದು. ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ ದಾಟಿದರೆ ದ್ರವವಾಗಿ ಉಳಿಯುವುದೇ ಇಲ್ಲ, ಒಳಗಿನ ಒತ್ತಡ ಸರಸರನೆ ಏರುತ್ತದೆ. ನಮ್ಮದನ್ನು ಒಳಕೋಣೆಯ ನೆರಳಿಗೆ ಸರಪಳಿ ಹಾಕಿ ನಿಲ್ಲಿಸಿದ್ದೇವೆ.

ಹೊಸದರ ಶತ್ರು ಸವಳು ನೀರು. ನಮ್ಮ ಬೋರಿನ ನೀರಿಗೆ ನಾಲ್ಕನೇ ತಿಂಗಳಿಗೇ ಅದರ ಒಳಗೆ ಬಿಳಿ ಪೊರೆ ಕಟ್ಟಿ ಪಂಪ್ ನಿಂತಿತು. ಬಂದ ಮೆಕ್ಯಾನಿಕ್ ಪಂಪನ್ನೇ ಬದಲಿಸಿ 9,000 ತೆಗೆದುಕೊಂಡು ಹೋದ, ನೀರಿನ ಬಗ್ಗೆ ಒಂದು ಮಾತು ಹೇಳಲಿಲ್ಲ. ಆರ್‌ಓ ಹಾಕಿಸಿದ ಮೇಲೆ ತಕರಾರಿಲ್ಲ. ಆರ್‌ಓ ನೀರು ಹಳೆಯದಕ್ಕೂ ಒಳ್ಳೆಯದು. ಸವಳು ನೀರು ನಿಂಬೆಯ ಹುಳಿಯನ್ನೇ ನುಂಗುತ್ತದೆ. ಕರೆಂಟ್ ಹೋದ ಮಧ್ಯಾಹ್ನ ಹೊಸದು ಸುಮ್ಮನೆ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬಾಟ್ಲಿ. ರಿಪೇರಿ ಮಾಡಿಸುವವರು ಮರೆಯುವುದು ಇದನ್ನೇ. ಗೋಲಿ ಕೊರಳಲ್ಲೇ ಇರುವುದರಿಂದ ಬ್ರಷ್ ಒಳಗೆ ಇಳಿಯುವುದಿಲ್ಲ. ಬಿಸಿನೀರು ಸೋಡಾಪುಡಿ ಹಾಕಿ ನೆನೆಸಿ, ಮೂರು ಸಲ ಕುಲುಕಿ, ಬೆಳಕಿಗೆ ಹಿಡಿದು ನೋಡಬೇಕು. ನೂರು ಬಾಟ್ಲಿಗೆ ನಮ್ಮವ್ವನಿಗೂ ನನಗೂ ಸೇರಿ ಎರಡು ತಾಸು. ಹಳೆಯ ಬಾಟ್ಲಿಗಳನ್ನು ಅಗ್ಗಕ್ಕೆ ಕೊಂಡು ತಂದದ್ದರಲ್ಲಿ ಒಂದು ಪೆಟ್ಟಿಗೆಯೊಳಗೇ ಒಡೆಯಿತು. ಜಾಲರಿ ಹಾಕಿಸಿದ್ದರಿಂದ ನನ್ನ ಮುಖ ಉಳಿಯಿತು. ಅಂದಿನಿಂದ ಅಂಚು ಚಕ್ಕೆ ಎದ್ದದ್ದು, ಗೀರು ಬಿದ್ದದ್ದು ಯಾವುದನ್ನೂ ಮಶಿನ್‌ಗೆ ಹಾಕುವುದಿಲ್ಲ.

ಒಂದಕ್ಕೆ ಮಾತ್ರ ದುಡ್ಡಿದ್ದು, ಅದರ ಮೇಲೆಯೇ ಸಂಸಾರ ನಡೆಯಬೇಕಾದವರಿಗೆ ಹೊಸದನ್ನೇ ಕೊಳ್ಳಿ ಎನ್ನುತ್ತೇನೆ. ಬಾಟ್ಲಿ ಹಿಡಿಯುವ ಪೆಟ್ಟಿಗೆಯೇ ಸೀಳಿದ್ದರೆ ಹಳೆಯದಕ್ಕೆ ಕೈ ಹಾಕಬೇಡಿ, ಒತ್ತಡ ತಡೆಯುವ ಭಾಗ ಅದು. ಪೆಟ್ಟಿಗೆ ಗಟ್ಟಿಯಿದ್ದು, ತೊಳೆಯಲು ಮನೆಯಲ್ಲಿ ಎರಡು ಕೈ ಇದ್ದರೆ ರಿಪೇರಿ ಮಾಡಿಸಿ. ನಾವು ಹಗಲು ಹೊಸದನ್ನು, ಸಂಜೆ ಐದರ ಮೇಲೆ ಹಳೆಯದನ್ನು ನಡೆಸುತ್ತೇವೆ. ಸಂಜೆಯ ಗಲ್ಲೆಯಲ್ಲಿ ಹಳೆಯದರ ಪಾಲೇ ಹೆಚ್ಚು.

ಬಣ್ಣದ ಮಾತು ಇನ್ನೂ ಮುಗಿದಿಲ್ಲ. ಕಾಲಿನ ಮೇಲೆ ಅಜ್ಜ ತಾವೇ ಬರೆದ ಹಸಿರು ಅಕ್ಷರ ಅರ್ಧ ಉಳಿದಿವೆ. ಕಾಕಾ ಈಗ ಹೊಸ ಬಣ್ಣ ಹೊಡೆಸೋಣ ಅನ್ನುತ್ತಾರೆ. ಅಪ್ಪ ದಿನಾ ಬೆಳಿಗ್ಗೆ ಎಣ್ಣೆ ಬಟ್ಟೆಯಿಂದ ಅಷ್ಟನ್ನು ಒರೆಸಿ, ಆಮೇಲೆ ಅಂಗಡಿಯ ಬಾಗಿಲು ತೆಗೆಯುತ್ತಾರೆ.